ಎಡಕ್ಕೆ ತಿರುಗಿದ ಏಣಿ

ಊಟದ ಮೇಜಿನ ಮೇಲೆ ನಿಂತಿದ್ದ ಡಿಎನ್‌ಎ ಮತ್ತೊಮ್ಮೆ ಕಿಟಕಿಯ ಕಡೆಗೆ ವಾಲಿತು. ಜೆಮ್ಮಾ ತಟ್ಟನೆ ಎರಡೂ ಕೈ ಚಾಚಿ ಹಿಡಿದುಕೊಂಡಳು. ಹಲ್ಲಲ್ಲಿ ಟೇಪಿನ ತುಂಡು ಕಚ್ಚಿಕೊಂಡಿದ್ದ ಅನ್ವಿತಾ ಏನೋ ಕೂಗಲು ಹೋಗಿ ತುಟಿಗೆ ಟೇಪ್ ಅಂಟಿಸಿಕೊಂಡಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ವಿನಾಯಕನಿಗೆ ನಗು ಬರಲಿಲ್ಲ. ಬಣ್ಣದ ಸ್ಟ್ರಾಗಳು, ತಂತಿ, ಥರ್ಮೋಕೋಲಿನ ಉಂಡೆಗಳು. ಕೆಳಗೆ ಬೂಟಿನ ಪೆಟ್ಟಿಗೆಯ ಮುಚ್ಚಳ. ಅದರ ಮೇಲೆ ಹೆಚ್ಚುಕಡಿಮೆ ಸೊಂಟದೆತ್ತರದ ತಿರುಚಿದ ಏಣಿ. ಇಷ್ಟು ಎತ್ತರಕ್ಕೆ ಇಷ್ಟು ಹಗುರವಾದ ಬುಡ ಕೊಟ್ಟರೆ ನಿಲ್ಲುವುದು ಹೇಗೆ? ಬೆಂಗಳೂರಿನ ಪೀಣ್ಯದಲ್ಲಿ ಟೂಲ್ ರೂಮಿನಿಂದ ಶುರುಮಾಡಿ ಈಗ ಶೆಫೀಲ್ಡಿನಲ್ಲಿ ಕಟಿಂಗ್ ಟೂಲ್ ತಯಾರಿಸುವ ಕಂಪನಿಯೊಂದರಲ್ಲಿ ಡಿಸೈನ್ ಎಂಜಿನಿಯರ್ ಆಗಿದ್ದವನ ಕಣ್ಣಿಗೆ ಅದು ನೋವು ಕೊಡುವಂಥ ದೃಶ್ಯವಾಗಿತ್ತು.

"ಇದನ್ನೇನಾ ಅಲ್ಲಿಗೆ ತಗೊಂಡು ಹೋಗೋದು?" ಎಂದ.

ಅದು ಎರಡು ಸಾವಿರದ ಮೂರರ ವಸಂತ. ಡಿಎನ್‌ಎ ರಚನೆ ಕಂಡುಹಿಡಿದು ಐವತ್ತು ವರ್ಷ ತುಂಬಿತೆಂದು ಟೀವಿಯಲ್ಲಿ, ಪೇಪರಿನಲ್ಲಿ ಅದೇ ಸುದ್ದಿ. ಊರಿನ ಶಾಲೆಗಳಿಗೆಲ್ಲ ಒಂದು ಸ್ಪರ್ಧೆ ಇಟ್ಟಿದ್ದರು. ಒಬ್ಬರೇ ಅಥವಾ ಇಬ್ಬಿಬ್ಬರು ಮಕ್ಕಳು ಸೇರಿ ಒಂದು ಮಾಡೆಲ್ ಮಾಡಬೇಕು, ಅದರ ಹಿಂದೆ ನಿಲ್ಲಿಸುವ ಬೋರ್ಡಿನ ಮೇಲೆ ಅದರ ಕಥೆ ಬರೆಯಬೇಕು. ಅನ್ವಿತಾ ಮತ್ತು ಜೆಮ್ಮಾ ಒಂದೇ ಕ್ಲಾಸು. ವಿನಾಯಕನ ಮನೆ ಬ್ರೂಮ್‌ಹಿಲ್‌ನಲ್ಲಿ, ಆಸ್ಪತ್ರೆಗಳ ಹತ್ತಿರ. ಹೆಂಡತಿ ಶ್ರೀಲಕ್ಷ್ಮಿ ಅಲ್ಲಿ ಅರಿವಳಿಕೆ ಡಾಕ್ಟರು. ಜೆಮ್ಮಾ ಅಜ್ಜಿಯ ಜೊತೆ ಗುಡ್ಡದ ಆಚೆ ಬದಿಯ ಸಾಲುಮನೆಗಳಲ್ಲಿ ಒಂದರಲ್ಲಿದ್ದಳು. ಶಾಲೆ ಬಿಟ್ಟ ಮೇಲೆ ಇಲ್ಲಿಗೆ ಬಂದು, ಚಿತ್ರಾನ್ನವನ್ನು 'ಹಳದಿ ರೈಸ್' ಎಂದು ಎರಡು ಸಲ ಹಾಕಿಸಿಕೊಂಡು ತಿಂದು, ಕತ್ತಲಾಗುವ ಮುಂಚೆ ಹೋಗುತ್ತಿದ್ದಳು.

ಬೋರ್ಡನ್ನು ಅವರು ಆಗಲೇ ಮುಗಿಸಿದ್ದರು. ನಡುವೆ ಒಂದು ದೊಡ್ಡ ಕಪ್ಪು ವೃತ್ತ, ಅದರಲ್ಲಿ ಮಸುಕಾದ ಎಕ್ಸ್ ಆಕಾರದ ಗುರುತು. ಜೆಮ್ಮಾ ಇದ್ದಿಲಿನಲ್ಲಿ ಉಜ್ಜಿ ಉಜ್ಜಿ ಬರೆದದ್ದು.

"ಇದೇನು?"

"ಎಕ್ಸ್-ರೇ ಫೋಟೋ, ಅಪ್ಪ. ರೊಸಾಲಿಂಡ್ ಫ್ರಾಂಕ್ಲಿನ್ ಲ್ಯಾಬಲ್ಲಿ ತೆಗೆದಿದ್ದು," ಎಂದಳು ಅನ್ವಿತಾ, ಇಂಗ್ಲಿಷಿನಲ್ಲಿ. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲೇ. "ಅವಳನ್ನ ಕೇಳದೇ ಅದನ್ನ ರಚನೆ ಕಂಡುಹಿಡಿದ್ರಲ್ಲ, ಆ ಇಬ್ಬರಲ್ಲಿ ಒಬ್ಬನಿಗೆ ತೋರಿಸಿಬಿಟ್ರು. ಆಮೇಲೆ ಆ ಇಬ್ಬರಿಗೂ ತೋರಿಸಿದವನಿಗೂ ಸೇರಿ ಮೂರು ಜನಕ್ಕೆ ನೊಬೆಲ್ ಬಂತು. ಅಷ್ಟು ಹೊತ್ತಿಗೆ ಅವಳು ಸತ್ತೇ ಹೋಗಿದ್ದಳು. ನಮ್ಮ ಬೋರ್ಡು ಪೂರ್ತಿ ಅವಳ ಬಗ್ಗೆ."

"ಸತ್ತವರಿಗೆ ನೊಬೆಲ್ ಕೊಡಲ್ಲಮ್ಮ, ಅದು ರೂಲ್ಸು. ಸ್ಪರ್ಧೆ ಇರೋದು ಕಂಡುಹಿಡಿದವರ ಬಗ್ಗೆ. ಬಹುಮಾನ ಬಂದವರ ಬಗ್ಗೆ ಮೊದಲು ಬರೀರಿ. ಇವಳದ್ದು ಕೆಳಗೆ ಒಂದು ಮೂಲೇಲಿ ಇರಲಿ."

ಜೆಮ್ಮಾಗೆ ಕನ್ನಡ ತಿಳಿಯದಿದ್ದರೂ, ಅವನ ಬೆರಳು ಕಪ್ಪು ವೃತ್ತದಿಂದ ಬೋರ್ಡಿನ ಕೆಳಮೂಲೆಗೆ ಇಳಿದದ್ದು ತಿಳಿಯಿತು. ಅವಳು ಇದ್ದಿಲಿನ ಕೈಯನ್ನು ಸ್ಕರ್ಟಿಗೆ ಒರೆಸಿಕೊಂಡಳು.

ಆ ಶನಿವಾರ ವಿನಾಯಕ ಮ್ಯಾನೇಜರನ್ನು ಕೇಳಿ ಕಂಪನಿಯ ಟೂಲ್ ರೂಮಿನ ಬೀಗದ ಕೈ ಇಸಿದುಕೊಂಡ. ಬುಡಕ್ಕೊಂದು ಗಟ್ಟಿ ಹಲಗೆ ಮಾಡಿಕೊಡುವುದು ಅಷ್ಟೇ ಅವನ ಮನಸ್ಸಿನಲ್ಲಿದ್ದದ್ದು. ಆದರೆ ಮೂಲೆಯಲ್ಲಿ ಬಿದ್ದಿದ್ದ ಅಲ್ಯುಮಿನಿಯಂ ಪಟ್ಟಿಗಳು ಕಣ್ಣಿಗೆ ಬಿದ್ದವು. ಕಂಪ್ಯೂಟರಿನ ಮುಂದೆ ಕೂತು ಕೂತು ಎಷ್ಟೋ ದಿನವಾಗಿತ್ತು ಕೈಗೆ ಲೋಹ ತಾಗಿ. ಪಟ್ಟಿಯನ್ನು ದುಂಡನೆಯ ಕೊಳವೆಗೆ ಸುತ್ತಿ ಬಗ್ಗಿಸಿದ. ಮೆಟ್ಟಿಲುಗಳಿಗೆ ನಾಲ್ಕು ಬಣ್ಣದ ಅಕ್ರಿಲಿಕ್ ಕಡ್ಡಿ ಕತ್ತರಿಸಿ, ಲೇತಿಗೆ ಹಾಕಿ, ತುದಿಗಳಿಗೆ ಸಣ್ಣ ತಿರುಪಿನ ಥ್ರೆಡ್ ಕೊಟ್ಟ. ಎಂಬತ್ತರ ದಶಕದಲ್ಲಿ ಮೊದಲ ಕೆಲಸ ಸೇರಿದಾಗಿನ ಖುಷಿ ಮತ್ತೆ ಬಂದ ಹಾಗಿತ್ತು. ಊಟದ ಹೊತ್ತು ಮೀರಿದ್ದೂ ಗೊತ್ತಾಗಲಿಲ್ಲ.

ಮಾದರಿಗೆ ಅವನು ಇಟ್ಟುಕೊಂಡದ್ದು ಹಿಂದಿನ ಭಾನುವಾರದ ಪೇಪರಿನ ಜೊತೆ ಬಂದ ಪುರವಣಿಯ ಮುಖಪುಟದ ಚಿತ್ರ. ಎಡಗೈ ತಿರುಪಿನ ಹಾಗೆ ತಿರುಗಿದೆಯಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಸಾಧಾರಣ ತಿರುಪುಗಳೆಲ್ಲ ಬಲಗೈ ಕಡೆಯವು. ಎಡಗೈಯವನ್ನು ಬೇಕೆಂದೇ ಮಾಡಿಸಬೇಕು. ಇರಲಿ, ಸೃಷ್ಟಿ ಯಾಕೆ ನಮ್ಮ ಫ್ಯಾಕ್ಟರಿಯ ಲೆಕ್ಕಕ್ಕೆ ನಡೆಯಬೇಕು ಎಂದುಕೊಂಡು ಮುಂದುವರಿಸಿದ.

ಮಾಡೆಲನ್ನು ಮನೆಗೆ ತಂದು ಮೇಜಿನ ಮೇಲಿಟ್ಟಾಗ ಶ್ರೀಲಕ್ಷ್ಮಿ, "ಅಬ್ಬ, ಅಂಗಡಿಯಿಂದ ತಂದ ಹಾಗಿದೆ," ಎಂದಳು. ಅನ್ವಿತಾ ಅದರ ಸುತ್ತ ಒಂದು ಸುತ್ತು ಬಂದಳು.

"ಅಪ್ಪ, ಇದು ಉಲ್ಟಾ ತಿರುಗಿದೆ."

"ಇಲ್ಲ ಕಣೆ, ನೋಡಿಲ್ಲಿ ಚಿತ್ರ."

"ಜೆಮ್ಮಾ ಪುಸ್ತಕದಲ್ಲಿ ನೋಡಿದಾಳೆ. ಟೀಚರನ್ನೂ ಕೇಳಿದಾಳೆ. ನಮ್ಮದು ಈ ಕಡೆ ಹೋಗುತ್ತೆ."

"ಅನು, ನಾನು ಹುಟ್ಟಾ ಇದೇ ಕೆಲಸ ಮಾಡಿಕೊಂಡು ಬಂದೋನು. ತಿರುಪು ಯಾವ ಕಡೆ ತಿರುಗುತ್ತೆ ಅಂತ ನನಗೆ ಹೇಳಿಕೊಡ್ತೀಯಾ?"

ಸೋಮವಾರ ಶಾಲೆ ಬಿಟ್ಟ ಮೇಲೆ ಜೆಮ್ಮಾ ಬಂದಳು. ಸ್ಟ್ರಾಗಳ ಏಣಿ ಇದ್ದ ಜಾಗದಲ್ಲಿ ಹೊಳೆಯುತ್ತ ನಿಂತಿದ್ದ ಲೋಹವನ್ನು ನೋಡಿ ಒಂದು ಬೆರಳಿಂದ ಮುಟ್ಟಿದಳು. "ತುಂಬಾ ಚೆನ್ನಾಗಿದೆ, ಮಿಸ್ಟರ್ ವಿನಾಯಕ್," ಎಂದಳು. ಅವಳ ಧ್ವನಿಯಲ್ಲಿ ಮರ್ಯಾದೆಯಿತ್ತು. ಆ ದಿನ ಚಿತ್ರಾನ್ನ ಬೇಡವೆಂದಳು. ಆಮೇಲಿನ ವಾರ ಬರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, "ಅವಳಿಗೆ ಬೇರೆ ಕೆಲಸ ಇದೆಯಂತೆ," ಎಂದು ಅನ್ವಿತಾ ರೂಮಿಗೆ ಹೋದಳು.

ಬೋರ್ಡಿಗೆ ವಿನಾಯಕನೇ ಹೊಸ ಹಾಳೆ ಅಂಟಿಸಿ ಮೂವರು ವಿಜ್ಞಾನಿಗಳ ಫೋಟೋ ಪ್ರಿಂಟ್ ತೆಗೆದು ಹಾಕಿದ. ಹೆಸರಿನ ಚೀಟಿ ಟೈಪು ಮಾಡುವಾಗ ಒಂದು ಗಳಿಗೆ ತಡೆದ. ಆ ಹುಡುಗಿ ತಾನಾಗಿ ಬಿಟ್ಟು ಹೋದಳಲ್ಲ. 'ಅನ್ವಿತಾ ವಿನಾಯಕ್' ಎಂದಷ್ಟೇ ಟೈಪು ಮಾಡಿದ.

ಊರಿನ ಕನ್ನಡಿಗರೆಲ್ಲ ಸೇರಿ ಚರ್ಚ್ ಹಾಲ್ ಬಾಡಿಗೆಗೆ ತಗೊಂಡು ಮಾಡಿದ ಯುಗಾದಿ ಊಟದಲ್ಲಿ ಆ ಮಾತು ಅವನ ಬಾಯಿಂದ ಹೊರಬಿತ್ತು. "ನಮ್ಮ ಅನು ಒಂದು ಡಿಎನ್‌ಎ ಮಾಡೆಲ್ ಮಾಡಿದಾಳೆ, ನೀವು ನೋಡಬೇಕು." ಎದುರಿಗೆ ಕೂತಿದ್ದ ಡಾಕ್ಟರ್ ಹರಿಪ್ರಸಾದ್ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ, "ಬರ್ತೀವಿ ಕಣ್ರೀ, ನಮ್ಮ ಕನ್ನಡದ ಹುಡುಗಿ! ನಾನು ವಿಡಿಯೋ ತೆಗೀತೀನಿ," ಎಂದರು.

ಹೇಳಿದಂತೆ ಬಂದರು. ಏಪ್ರಿಲ್ ಕೊನೆಯ ಶನಿವಾರ, ಯೂನಿವರ್ಸಿಟಿಯ ಹಳೆಯ ಹಾಲ್. ಉದ್ದುದ್ದ ಮೇಜುಗಳ ಮೇಲೆ ಊರಿನ ಮಕ್ಕಳ ಡಿಎನ್‌ಎಗಳು ಸಾಲಾಗಿ ನಿಂತಿದ್ದವು. ಬಟ್ಟೆ ಕ್ಲಿಪ್ಪಿನವು, ಜೆಲ್ಲಿ ಮಿಠಾಯಿಯವು, ಉಣ್ಣೆಯಲ್ಲಿ ಹೆಣೆದ ಒಂದು. ಅವುಗಳ ನಡುವೆ ಅಲ್ಯುಮಿನಿಯಂ ಏಣಿ ದೀಪದ ಬೆಳಕಿಗೆ ಥಳಥಳ ಅನ್ನುತ್ತಿತ್ತು. ಜನ ಅದರ ಮುಂದೆ ನಿಂತು ನೋಡಿ ಹೋಗುತ್ತಿದ್ದರು. ಶ್ರೀಲಕ್ಷ್ಮಿಗೆ ಅವತ್ತು ಡ್ಯೂಟಿ. ಅನ್ವಿತಾ ಕುರ್ಚಿಯ ತುದಿಯಲ್ಲಿ ಕೂತು ಉಗುರು ಕಚ್ಚುತ್ತಿದ್ದಳು. ಹರಿಪ್ರಸಾದ್ ಕ್ಯಾಮೆರಾ ಕಣ್ಣಿಗೆ ಹಿಡಿದು, "ಅನ್ವಿತಾ, ಈ ಕಡೆ, ಸ್ವಲ್ಪ ನಗಮ್ಮ," ಎನ್ನುತ್ತಿದ್ದರು.

ತೀರ್ಪುಗಾರರು ಡಾಕ್ಟರ್ ಹೇವರ್ತ್ ಎಂಬ ವಯಸ್ಸಾದ ಹೆಂಗಸು. ಹರಳುಗಳ ಎಕ್ಸ್-ರೇ ತೆಗೆಯುವುದರಲ್ಲೇ ಆಯುಷ್ಯ ಕಳೆದು ರಿಟೈರ್ ಆದವರು. ಕನ್ನಡಕ ಏರಿಸಿ ಬಗ್ಗಿ ನೋಡಿದರು. ಕೀಲುಗಳನ್ನು ನೋಡಿ, "ಎಂಥ ಅಚ್ಚುಕಟ್ಟು ಕೆಲಸ," ಎಂದರು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದರು. ಗಾಳಿಯಲ್ಲಿ ಬೆರಳಿಂದ ಆ ಪಟ್ಟಿಯನ್ನು ಕೆಳಗಿನಿಂದ ಮೇಲಿನವರೆಗೆ ಅನುಸರಿಸಿದರು.

"ಇದು ತಿರುಗಿರುವುದು ತಪ್ಪು ದಿಕ್ಕಿಗೆ, ಅಲ್ಲವಾ?" ಎಂದರು ಮೆಲ್ಲಗೆ. "ದೊಡ್ಡ ದೊಡ್ಡ ಪತ್ರಿಕೆಗಳೇ ಚಿತ್ರವನ್ನು ಉಲ್ಟಾ ಅಚ್ಚು ಹಾಕುತ್ತವೆ. ನಿನ್ನದೇನೂ ತಪ್ಪಿಲ್ಲ ಮಗು. ದಿಕ್ಕನ್ನು ಯಾರು ನಿರ್ಧಾರ ಮಾಡಿದ್ದು?"

ಅನ್ವಿತಾ ಅಪ್ಪನ ಮುಖ ನೋಡಿದಳು.

ಮೇಜಿನ ಆಚೆ ಬದಿಯಲ್ಲಿ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. "ತಲೆಕೆಳಗು ನಿಲ್ಲಿಸಿದ್ರೆ ಸರಿಹೋಗಲ್ವೇನ್ರೀ?" ಎಂದು ಹರಿಪ್ರಸಾದ್ ಕನ್ನಡದಲ್ಲಿ ಪಿಸುಗುಟ್ಟಿದರು. ಸರಿಹೋಗುವುದಿಲ್ಲ. ಎಡಗೈ ತಿರುಪನ್ನು ಹೇಗೆ ಹಿಡಿದರೂ ಅದು ಎಡಗೈ ತಿರುಪೇ. ಟೂಲ್ ರೂಮಿಗೆ ಬಂದ ಮೊದಲ ವಾರದ ಹುಡುಗರಿಗೆ ಅವನೇ ಅದನ್ನು ಹೇಳಿಕೊಡುತ್ತಿದ್ದ. ವಿನಾಯಕನ ಬಾಯಿ ತಾನಾಗಿ ತೆರೆಯಿತು.

"ಮಕ್ಕಳು, ನೋಡಿ," ಎಂದು ನಕ್ಕ. "ಶುರುವಿನಲ್ಲಿ ಇವಳ ಜೊತೆ ಇನ್ನೊಬ್ಬ ಹುಡುಗಿ ಇದ್ದಳು. ಅದನ್ನೆಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು. ಅವಳಿಗೆ ಏನೋ ಗೊಂದಲ ಆಗಿರಬೇಕು."

ಅನ್ವಿತಾಳ ಕಣ್ಣು ಅವನ ಮುಖದಿಂದ ಸರಿದು ಅವನ ಹೆಗಲ ಹಿಂದಕ್ಕೆ ಹೋಯಿತು. ಅವನು ತಿರುಗಿ ನೋಡಿದ. ಜೆಮ್ಮಾ ಅಲ್ಲೇ ನಿಂತಿದ್ದಳು. ಕೂದಲನ್ನು ನೀಟಾಗಿ ಹಿಂದಕ್ಕೆ ಕಟ್ಟಿ, ಎಲ್ಲಿಗೋ ಮದುವೆಗೆ ಹೊರಟವಳ ಹಾಗೆ ನೀಲಿ ಫ್ರಾಕು ತೊಟ್ಟಿದ್ದಳು. ಪಕ್ಕದಲ್ಲಿ ಕೈಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡ ಅವಳ ಅಜ್ಜಿ. ಗೆಳತಿಯ ಮಾಡೆಲ್ ನೋಡಲು ಅವರು ಟ್ರಾಮ್ ಹಿಡಿದು ಬಂದಿದ್ದರು.

"ಓ, ಅದು ನೀನಾ?" ಎಂದು ಡಾಕ್ಟರ್ ಹೇವರ್ತ್ ಪ್ರೀತಿಯಿಂದ ಕೇಳಿದರು.

ಜೆಮ್ಮಾಳ ಕುತ್ತಿಗೆ ಕೆಂಪಗಾಯಿತು. ಆ ಕೆಂಪು ಕಿವಿಯವರೆಗೂ ಏರಿತು. ಅವಳು ಅನ್ವಿತಾಳನ್ನು ನೋಡಿದಳು, ವಿನಾಯಕನನ್ನು ನೋಡಲಿಲ್ಲ. "ಹೌದು ಮಿಸ್, ಸಾರಿ. ನನಗೆ ಗೊಂದಲ ಆಯ್ತು."

"ಸಾರಿ ಯಾಕೆ? ಬಾ ಇಲ್ಲಿ, ಇನ್ನು ಯಾವತ್ತೂ ಮರೆಯದ ಹಾಗೆ ಹೇಳಿಕೊಡ್ತೀನಿ," ಎಂದು ಆ ಹೆಂಗಸು ಅವಳ ಬಲಗೈ ಹಿಡಿದರು. ಹೆಬ್ಬೆರಳು ಮೇಲಕ್ಕೆ ಎತ್ತಿಸಿ, ಉಳಿದ ಬೆರಳುಗಳನ್ನು ಮಡಿಸಿ, ಬೆರಳು ಸುತ್ತಿದ ಕಡೆಗೆ ಏಣಿ ಸುತ್ತುತ್ತ ಹೆಬ್ಬೆರಳಿನ ಕಡೆಗೆ ಏರಬೇಕು ಎಂದು ನಿಧಾನವಾಗಿ ವಿವರಿಸಿದರು. ತಾನೇ ಓದಿ, ಟೀಚರನ್ನು ಕೇಳಿ ತಿಳಿದುಕೊಂಡಿದ್ದ ಸಂಗತಿಯನ್ನು ಜೆಮ್ಮಾ ಮೊದಲ ಸಲ ಕೇಳುವವಳಂತೆ ತಲೆಯಾಡಿಸುತ್ತ ಕೇಳಿದಳು. "ಅರ್ಥವಾಯ್ತಾ?" "ಆಯ್ತು ಮಿಸ್. ಥ್ಯಾಂಕ್ಯೂ ಮಿಸ್."

ಈಗ ಹೇಳಬೇಕು ಎಂದುಕೊಂಡ ವಿನಾಯಕ. ಅಷ್ಟರಲ್ಲಿ ಡಾಕ್ಟರ್ ಹೇವರ್ತ್ ಮುಂದಿನ ಮೇಜಿಗೆ ಹೋಗಿದ್ದರು. ಮತ್ತೆ ತಿರುಗಿ ನೋಡಿದರೆ ಜೆಮ್ಮಾಳೂ ಇರಲಿಲ್ಲ, ಅಜ್ಜಿಯೂ ಇರಲಿಲ್ಲ. ಅನ್ವಿತಾಳ ಕುರ್ಚಿಯೂ ಖಾಲಿ.

ಮೊದಲ ಬಹುಮಾನ ಉಣ್ಣೆಯಲ್ಲಿ ಹೆಣೆದದ್ದಕ್ಕೆ ಬಂತು. 'ಕುಸುರಿ ಕೆಲಸಕ್ಕೆ ವಿಶೇಷ ಮೆಚ್ಚುಗೆ' ಎಂದು ಅನ್ವಿತಾಳ ಹೆಸರು ಕೂಗಿದರು. ಅನ್ವಿತಾ ಒಳಗೆ ಎಲ್ಲೂ ಇರಲಿಲ್ಲ. ಎರಡನೇ ಸಲ ಕೂಗಿದಾಗ ಹರಿಪ್ರಸಾದ್ ಅವನ ಬೆನ್ನು ತಟ್ಟಿ ಮುಂದಕ್ಕೆ ನೂಕಿದರು. "ಟಾಯ್ಲೆಟ್ಟಿಗೆ ಹೋಗಿರಬೇಕು. ಹೋಗ್ರೀ, ನೀವೇ ಇಸ್ಕೊಳ್ಳಿ!"

ಅವನು ಹೋದ. ವೇದಿಕೆಯ ಮೆಟ್ಟಿಲು ಹತ್ತಿದ. ಯಾರೋ ಕೈ ಕುಲುಕಿ, ಸರ್ಟಿಫಿಕೇಟನ್ನು ಮುಂದಕ್ಕೆ ಚಾಚಿದರು. ಹಾಲ್ ತುಂಬ ಜನ, ಎಲ್ಲರೂ ಒಳ್ಳೆಯ ಮನಸ್ಸಿನಿಂದ ಚಪ್ಪಾಳೆ ತಟ್ಟಿದರು. ಅವನ ಮುಖದ ಮೇಲೆ ಆಗಿನಿಂದ ನಿಂತುಬಿಟ್ಟಿದ್ದ ನಗುವನ್ನು ಹೇಗೆ ತೆಗೆಯುವುದೆಂದು ಅವನಿಗೆ ತಿಳಿಯಲಿಲ್ಲ.

ಅನ್ವಿತಾ ಹೊರಗೆ ಕಾರಿನ ಪಕ್ಕ ನಿಂತಿದ್ದಳು. ಟ್ರಾಮ್ ಸ್ಟಾಪಿನವರೆಗೂ ಅವರ ಹಿಂದೆ ಓಡಿದ್ದಳಂತೆ. ಜೆಮ್ಮಾ ಮಾತಾಡದೆ ಟ್ರಾಮ್ ಹತ್ತಿದ್ದಳು. ಅನ್ವಿತಾ ಯಾವಾಗಲೂ ಕೂರುತ್ತಿದ್ದ ಮುಂದಿನ ಸೀಟು ಬಿಟ್ಟು ಹಿಂದೆ ಕೂತಳು. ಬ್ರೂಮ್‌ಹಿಲ್ ಹತ್ತಿರವಾದಾಗ ವಿನಾಯಕ ಕನ್ನಡಿಯಲ್ಲಿ ಅವಳ ಮುಖ ಹುಡುಕುತ್ತ, "ನಾನು ಸುಳ್ಳು ಹೇಳಿದೆ ಅನು," ಎಂದ.

"ಐ ನೋ, ಅಪ್ಪ," ಎಂದಳು ಅವಳು ಕಿಟಕಿಯ ಕಡೆ ತಿರುಗಿ. "ಐ ವಾಸ್ ದೇರ್."

ಸಂಜೆ ಶ್ರೀಲಕ್ಷ್ಮಿ ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುತ್ತಲೇ ಏನಾಯಿತೆಂದು ಕೇಳಿದಳು. ಮೆಚ್ಚುಗೆ ಸಿಕ್ಕಿತು ಎಂದ. ಅವಳು ಖುಷಿಯಿಂದ ಮೇಲಕ್ಕೆ ನೋಡಿ ಮಗಳನ್ನು ಕೂಗಿದಳು. ಉತ್ತರ ಬರಲಿಲ್ಲ. ಮತ್ತೆ ಅವನ ಮುಖ ನೋಡಿದಳು. ಆಗ ಅವನು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಎಲ್ಲವನ್ನೂ ಹೇಳಿದ, ವೇದಿಕೆ ಹತ್ತಿದ್ದನ್ನೂ ಬಿಡದೆ. ಹೇಳಿ ಮುಗಿಸಿ, ಅವಳು ಬೈಯಲಿ ಎಂದು ಕಾದ. ಬೈದರೆ ಸ್ವಲ್ಪ ಹಗುರವಾಗುತ್ತಿತ್ತು.

ಶ್ರೀಲಕ್ಷ್ಮಿ ಅನ್ನಕ್ಕೆ ಅಕ್ಕಿ ತೊಳೆಯುತ್ತಿದ್ದಳು. "ಸರಿ. ಇದನ್ನೆಲ್ಲ ನನಗೆ ಯಾಕೆ ಹೇಳ್ತಿದೀರಿ?" ಎಂದಳು.

"ಮತ್ತೆ ಯಾರಿಗೆ ಹೇಳಲಿ?"

ಅವಳು ನಲ್ಲಿ ನಿಲ್ಲಿಸಿ ಅವನ ಕಡೆ ನೋಡಿದಳು. ಮತ್ತೆ ನಲ್ಲಿ ತಿರುಗಿಸಿದಳು.

ಭಾನುವಾರ ಮಧ್ಯಾಹ್ನ ಅವನು ಕಾರಿನ ಬೀಗದ ಕೈ ತೆಗೆದುಕೊಳ್ಳುತ್ತಿದ್ದಾಗ ಅನ್ವಿತಾ ತಾನಾಗಿ ಕೆಳಗಿಳಿದು ಬಂದು ಶೂ ಹಾಕಿಕೊಂಡಳು. ದಾರಿಯನ್ನು ಅವಳೇ ಹೇಳಿದಳು, ಎಡಕ್ಕೆ, ಬಲಕ್ಕೆ ಎಂದಷ್ಟೇ. ಕಡಿದಾದ ಇಳಿಜಾರಿನ ಬೀದಿ, ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳು. ಇಷ್ಟು ದಿನ ತನ್ನ ಮನೆಯಲ್ಲಿ ಉಂಡ ಹುಡುಗಿಯ ಮನೆ ಎಲ್ಲಿ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ.

ಬಾಗಿಲು ತೆರೆದದ್ದು ಅಜ್ಜಿ. ಅನ್ವಿತಾಳನ್ನು ನೋಡಿ, "ಹಲೋ ಲವ್," ಎಂದರು. ಅವನನ್ನು ನೋಡಿ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸಂಕೋಚವಿತ್ತು. "ನಿಮ್ಮ ಅಷ್ಟು ಚಂದದ ಮಾಡೆಲ್ ಹಾಳಾಯ್ತಲ್ಲ, ನಮ್ಮ ಹುಡುಗಿಯಿಂದ. ಬಹಳ ಬೇಜಾರಾಯ್ತು ನನಗೆ. ಬಂದವಳು ಬಾತ್‌ರೂಮಲ್ಲಿ ಕೂತು ಅತ್ತಿದ್ದೇ ಅತ್ತಿದ್ದು."

ಜೆಮ್ಮಾ ಅಜ್ಜಿಗೂ ನಿಜ ಹೇಳಿರಲಿಲ್ಲ. ರಾತ್ರಿಯಿಂದ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಇಂಗ್ಲಿಷ್ ವಾಕ್ಯಗಳು ವಿನಾಯಕನಿಗೆ ಮರೆತೇಹೋದವು.

"ಅವಳಿಂದ ಏನೂ ಆಗಲಿಲ್ಲ," ಎಂದ. "ಅವಳು ಮಾಡಿದ್ದು ಸರಿಯಾಗಿತ್ತು. ನಾನು ಅದನ್ನು ತೆಗೆದುಹಾಕಿ ನನ್ನದನ್ನು ಮಾಡಿದೆ. ತಪ್ಪಾಗಿ ಮಾಡಿದೆ. ಮಗಳು ಹೇಳಿದರೂ ಕೇಳಲಿಲ್ಲ. ಆಮೇಲೆ ಎಲ್ಲರೆದುರು ತಪ್ಪನ್ನು ಜೆಮ್ಮಾಳ ಮೇಲೆ ಹಾಕಿಬಿಟ್ಟೆ."

ಅಜ್ಜಿಯ ಮುಖದ ಸಂಕೋಚ ಮೆಲ್ಲಗೆ ಇಳಿದು ಹೋಯಿತು. ಅದರ ಜಾಗಕ್ಕೆ ಏನು ಬಂತೆಂದು ನೋಡುವ ಧೈರ್ಯ ಅವನಿಗೆ ಬರಲಿಲ್ಲ.

"ಅದನ್ನು ಅವಳಿಗೆ ಹೇಳಿ," ಎಂದು ಅವರು ಪಕ್ಕಕ್ಕೆ ಸರಿದರು.

ಜೆಮ್ಮಾ ಮೆಟ್ಟಿಲ ಮೇಲೆ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಆದರೂ ಅವನು ಹೊಸ್ತಿಲ ಹೊರಗೆ ನಿಂತೇ ಮತ್ತೆ ಮೊದಲಿನಿಂದ ಹೇಳಿದ. ಕ್ಷಮಿಸು ಎಂದ. ಅವಳು ಮೊಣಕಾಲು ಅಪ್ಪಿಕೊಂಡು ಕೇಳಿದಳು.

"ಪರವಾಗಿಲ್ಲ," ಎಂದಳು. ಆಮೇಲೆ, "ಆ ಮೇಡಂಗೂ ಹೇಳ್ತೀರಾ?" ಎಂದಳು.

"ಹೇಳ್ತೀನಿ."

"ಯಾವಾಗ?"

"ನಾಳೆ. ಬೆಳಿಗ್ಗೆ ಸ್ಕೂಲಿಗೆ ಬರ್ತೀನಿ. ನಿಮ್ಮ ಟೀಚರಿಗೆ ಹೇಳಿ, ಅವರ ನಂಬರ್ ತಗೊಂಡು, ನಿನ್ನ ಎದುರಿಗೇ ಫೋನ್ ಮಾಡ್ತೀನಿ."

ಜೆಮ್ಮಾ ಯೋಚಿಸಿದಳು. "ಸರಿ," ಎಂದು ಮೆಟ್ಟಿಲ ಮೇಲೆ ಪಕ್ಕಕ್ಕೆ ಸರಿದು ಒಬ್ಬರು ಕೂರುವಷ್ಟು ಜಾಗ ಬಿಟ್ಟಳು. ಅನ್ವಿತಾ ಒಳಗೆ ಹೋದಳು. ಹೋಗುವಾಗ ಒಂದು ಕ್ಷಣ ನಿಂತು, ತಿರುಗದೆ, "ನೀವು ಕಾರಲ್ಲಿ ಇರಿ ಅಪ್ಪ," ಎಂದಳು. ಅದನ್ನು ಕನ್ನಡದಲ್ಲೇ ಹೇಳಿದ್ದಳು, ಬೇರೆಯವರಿಗೆ ತಿಳಿಯದಿರಲೆಂದು. ಬಾಗಿಲು ಮುಚ್ಚಿತು.

ಅವನು ಕಾರಿನಲ್ಲಿ ಕೂತ. ಬಿಸಿಲು ಇನ್ನೂ ಇತ್ತು. ಎದುರುಮನೆಯವನೊಬ್ಬ ಬಕೆಟ್ಟಿನಲ್ಲಿ ನೀರು ತಂದು ವ್ಯಾನು ತೊಳೆಯುತ್ತಿದ್ದ. ನೊರೆ ಇಳಿಜಾರಿನಲ್ಲಿ ಹರಿದು ಬಂದು ಚಕ್ರಗಳ ಕೆಳಗೆ ಹೋಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಯಾರೋ ಗಾಜು ತಟ್ಟಿದರು. ಜೆಮ್ಮಾಳ ಅಜ್ಜಿ. ಕೈಯಲ್ಲಿ ಹಬೆಯಾಡುವ ಟೀ ಮಗ್ಗು. ಅವನು ಗಾಜು ಇಳಿಸಿದ.

"ಹುಡುಗಿಯರು ಇನ್ನೂ ಸ್ವಲ್ಪ ಹೊತ್ತು ಮಾಡ್ತಾರೆ," ಎಂದರು. ಅವರ ಧ್ವನಿ ಮೊದಲಿನಷ್ಟು ಮೆತ್ತಗಿರಲಿಲ್ಲ. "ಸಕ್ಕರೆ ಹಾಕಿದೀನಿ." ಮಗ್ಗಿನ ಹಿಡಿ ಅವನ ಕಡೆ ಬರುವಂತೆ ತಿರುಗಿಸಿ, ಬಿಸಿಯ ಬದಿಯನ್ನು ತಾವು ಹಿಡಿದುಕೊಂಡು ಕೊಟ್ಟು, ಅವನು ಥ್ಯಾಂಕ್ಸ್ ಹೇಳುವ ಮುಂಚೆಯೇ ಹೋದರು.

ಟೀ ತುಂಬಾ ಸಿಹಿಯಾಗಿತ್ತು. ಅವನು ಪೂರ್ತಿ ಕುಡಿದ. ಆಮೇಲೆ ಖಾಲಿ ಮಗ್ಗನ್ನು ತೊಡೆಯ ಮೇಲಿಟ್ಟುಕೊಂಡು, ಅದನ್ನು ವಾಪಸು ಕೊಡಲು ಹೋಗಿ ಆ ಬಾಗಿಲು ತಟ್ಟಬಹುದೋ ಬಾರದೋ ತಿಳಿಯದೆ, ಬೀದಿಯ ಆ ಬದಿಗೆ ಬಿಸಿಲು ಸರಿಯುವವರೆಗೂ ಹಾಗೇ ಕೂತಿದ್ದ.